ಮಿತ್ರಾಸನ ಗುಟ್ಟು, ಕೋಳಿ ಮೂಳೆ

ಡಿಸೆಂಬರ್ ಬಂತು ಅಂದ್ರೆ ಆ ಫಾರ್ವರ್ಡ್ ಬಂತು ಅಂತಲೇ ಅರ್ಥ. ರೋಮನ್ನರ ಮಿತ್ರಾಸ್ ದೇವರು 25ನೇ ತಾರೀಕು ಕನ್ಯೆಯ ಮಗನಾಗಿ ಹುಟ್ಟಿದನಂತೆ, 12 ಜನ ಶಿಷ್ಯರಂತೆ, ಕ್ರಿಸ್‌ಮಸ್ ಅವನಿಂದಲೇ ಕದ್ದಿದ್ದಂತೆ. ಈ ಸಲ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅದಕ್ಕೊಂದು ಬಾಲವೂ ಸೇರಿತ್ತು: ಅವನು ಬೇರೆ ಯಾರೂ ಅಲ್ಲ, ನಮ್ಮ ವೇದದ ಮಿತ್ರನೇ! ಕೆಳಗೆ ಸಾಲಾಗಿ ಕೈ ಮುಗಿದ ಇಮೋಜಿ.

ಸ್ವಲ್ಪ ತಡೀರಿ. ಶಿಲ್ಪಗಳಲ್ಲಿ ಮಿತ್ರಾಸ್ ಹುಟ್ಟುವುದು ಬಂಡೆಯಿಂದ, ಕೈಯಲ್ಲಿ ಚೂರಿ ಮತ್ತು ಪಂಜು ಹಿಡಿದುಕೊಂಡೇ. ಅಮ್ಮನೇ ಇಲ್ಲ, ಇನ್ನು ಕನ್ಯೆ ಎಲ್ಲಿಂದ? ಡಿಸೆಂಬರ್ 25 ರೋಮ್‌ನ ಕ್ರಿ.ಶ. 354ರ ಪಂಚಾಂಗದಲ್ಲಿ ‘ಸೋಲದವನ’ ಹುಟ್ಟುಹಬ್ಬ ಅಂತಿದೆ, ಅಂದರೆ ಸೂರ್ಯದೇವರದು. ಮಿತ್ರಾಸನ ಹೆಸರು ಅಲ್ಲಿಲ್ಲ. ಋಗ್ವೇದದ ಮಿತ್ರ, ಇರಾನಿನ ಮಿಥ್ರ, ಇವನು, ಮೂವರ ಹೆಸರಿನ ಬೇರು ಒಂದೇ ಅನ್ನುವುದು ನಿಜ. ಆದರೆ ಹೆಸರು ಊರೂರು ದಾಟಿ ಹೋದ ಮಾತ್ರಕ್ಕೆ ಪೂಜೆಯೂ ಹಾಗೇ ಹೋಗಿರಬೇಕಿಲ್ಲ ಅಲ್ವಾ?

ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ ಇವನ ಗುಡಿಯೊಂದನ್ನು ನೋಡಿದ್ದೆ. 1954ರಲ್ಲಿ ಸಿಕ್ಕಿದ್ದು, ಈಗ ದೊಡ್ಡ ಆಫೀಸ್ ಕಟ್ಟಡದ ಕೆಳಗಿದೆ. ಮೆಟ್ಟಿಲಿಳಿದರೆ ಕತ್ತಲೆ, ಹೊಗೆಯಂಥ ಮಂಜು, ಸ್ಪೀಕರಿನಲ್ಲಿ ಲ್ಯಾಟಿನ್ ಪಿಸುಮಾತು. ಸ್ವಲ್ಪ ನಾಟಕ ಜಾಸ್ತಿಯಾಯ್ತು ಅನ್ನಿಸಿತು. ಆದರೂ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ.

ಈ ಗುಡಿಗಳ ನಕ್ಷೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಗವಿಯಂಥ ಕೋಣೆ, ನಡುವೆ ಓಣಿ, ಎರಡೂ ಬದಿ ಜಗುಲಿ. ಕೊನೆಯಲ್ಲಿ ಗೂಳಿಯ ಕುತ್ತಿಗೆಗೆ ಚೂರಿ ಹಾಕುತ್ತಾ ಮುಖ ಆಚೆ ತಿರುಗಿಸಿದ ಮಿತ್ರಾಸ್. ರಕ್ತಕ್ಕೆ ನಾಯಿ, ಹಾವು ಬಾಯಿ ಹಾಕಿರುತ್ತವೆ. ಗೂಳಿಯ ಬಾಲದ ತುದಿಯಲ್ಲಿ ಗೋಧಿ ತೆನೆ. ಇದು ಗುಟ್ಟಿನ ಪಂಥ, ಒಳಗೆ ಬಂದವರಿಗೆ ಏಳು ದರ್ಜೆ: ಕಾಗೆಯಿಂದ ಶುರು, ಮದುಮಗ, ಸೈನಿಕ, ಸಿಂಹ ಹೀಗೆ ಏರಿ ಕೊನೆಗೆ ‘ತಂದೆ’. ಸಿಂಹನಾಗುವವನ ಕೈಗೆ ನೀರಿನ ಬದಲು ಜೇನುತುಪ್ಪ ಸುರಿಯುತ್ತಿದ್ದರು. ಇಟಲಿಯ ಕಾಪುವಾದ ಗೋಡೆಚಿತ್ರದಲ್ಲಿ ಒಬ್ಬ ಬೆತ್ತಲೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತಿದ್ದಾನೆ. ಪಾಪ, ಮುಂದೇನಾಯ್ತೋ! ಒಳಗಿದ್ದವರು ಬಿಟ್ಟು ಹೋಗಿದ್ದು ಹರಕೆಯ ಶಾಸನ, ಗೋಡೆ ಮೇಲಿನ ಕೆಲವು ಸಾಲು, ಅಷ್ಟೇ. ಒಳಗೆ ಏನು ನಡೆಯುತ್ತಿತ್ತು ಅಂತ ನಮಗೆ ಸಿಕ್ಕ ವಿವರಣೆ ಹೆಚ್ಚುಕಮ್ಮಿ ಎಲ್ಲ ಹೊರಗಿನವರದು.

ಆ ಖಾಲಿ ಜಾಗದಲ್ಲೇ ನೋಡಿ, ಯೂಟ್ಯೂಬಿನವರು ರಕ್ತ ತುಂಬಿಸುವುದು. ತಲೆ ಮೇಲೆ ಗೂಳಿ ಕಡಿದು ರಕ್ತದ ಸ್ನಾನ ಮಾಡುತ್ತಿದ್ದರಂತೆ! ಆ ಕಥೆ ಸಿಬೆಲೆ ಅನ್ನುವ ದೇವಿಯ ಪಂಥದ್ದು. ಮಿತ್ರಾಸನ ಗುಡಿಗಳಲ್ಲಿ ಹೆಚ್ಚಿನವುಗಳ ಒಳಗೆ ಗೂಳಿಯನ್ನು ತಿರುಗಿಸುವುದಕ್ಕೂ ಜಾಗ ಸಾಲದು. ಅಗೆದವರಿಗೆ ರಾಶಿ ರಾಶಿ ಸಿಕ್ಕಿದ್ದು ಕೋಳಿ ಮೂಳೆ. ಬೆಲ್ಜಿಯಂನ ಟೀನೆನ್‌ನಲ್ಲಿ ಒಂದೇ ದೊಡ್ಡ ಊಟದ ಎಂಜಲು ಗುಂಡಿಗಳಲ್ಲಿ ಸಿಕ್ಕಿದೆ. ಇನ್ನೂರಕ್ಕೂ ಜಾಸ್ತಿ ಕೋಳಿ, ಜೊತೆಗೆ ಕುರಿಮರಿ, ಹಂದಿಮರಿ.

ನನಗನ್ನಿಸುವುದು ಇಷ್ಟು. ಇಲ್ಲಿ ಬರುತ್ತಿದ್ದವರು ಹೆಚ್ಚಾಗಿ ಸೈನಿಕರು, ಸುಂಕದ ಕಟ್ಟೆಯ ಗುಮಾಸ್ತರು, ಗುಲಾಮರು, ಬಿಡುಗಡೆಯಾದ ಗುಲಾಮರು. ಎಲ್ಲ ಗಂಡಸರೇ. ಎಷ್ಟೋ ಜನ ಊರು ಬಿಟ್ಟು ಬಂದವರು. ಅವರಿಗೆ ಜಗುಲಿ ಮೇಲೆ ಪಕ್ಕ ಪಕ್ಕ ಒರಗಿ ಉಣ್ಣುವುದೇ ದೊಡ್ಡ ವಿಷಯವಾಗಿತ್ತೇನೋ. ಗುಟ್ಟು, ಕಣ್ಣುಪಟ್ಟಿ, ಜೇನು ಎಲ್ಲ ಆ ಊಟಕ್ಕೆ ತೂಕ ಕೊಡೋದಕ್ಕೆ.

ಇಷ್ಟನ್ನೂ ಟೈಪ್ ಮಾಡಿ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆ ಯಾರದೂ ಸದ್ದಿಲ್ಲ. ಆಮೇಲೆ ಚಿಕ್ಕಪ್ಪನ ಮೆಸೇಜ್ ಬಂತು: “ಎಲ್ಲಾ ಸರಿ ಕಣೋ, ನಾಟಿ ಕೋಳಿನಾ?”