ಕುಡಿತ ಬಿಡಿಸಲು ಕೂಡಿಹಾಕುವುದು ಅಪಾಯಕಾರಿ: ಒಂದು ಸ್ಪಷ್ಟನೆ

ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಕುಡಿತಕ್ಕೆ ದಾಸರಾದವರನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ ಹನಿ ಮದ್ಯವನ್ನೂ ಕೊಡದಿದ್ದರೆ ಚಟ ಬಿಟ್ಟುಹೋಗುತ್ತದೆ, ಆಸ್ಪತ್ರೆ ಬೇಕಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಪ್ರಾಣಕ್ಕೇ ಕುತ್ತು ತರುವಂಥದ್ದು.

ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಕುಡಿತ ಹಠಾತ್ತಾಗಿ ನಿಂತರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಿ, ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಮೂರ್ಛೆರೋಗದಂತಹ ಸೆಳವು ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರು ಮನೆಯವರ ಗುರುತೂ ಸಿಗದೆ, ಇಲ್ಲದ ಹುಳುಗಳನ್ನು ಮೈಯಿಂದ ಕೊಡವಿಕೊಳ್ಳುತ್ತಾ ಕಿರುಚಾಡುವುದುಂಟು. ಅದು ದೆವ್ವದ ಕಾಟವಲ್ಲ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿಯಲ್ಲಿ ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ವೈದ್ಯರು ಡಯಾಜೆಪಾಮ್‌ನಂತಹ ನರಗಳನ್ನು ಶಾಂತಗೊಳಿಸುವ ಔಷಧಿ ಕೊಟ್ಟು, ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾ, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಈ ಅವಧಿಯನ್ನು ದಾಟಿಸುತ್ತಾರೆ.

ಬುಡಕಟ್ಟು ಜನರ ರಕ್ತದಲ್ಲೇ ಕುಡಿತವಿದೆ ಎಂದು ಅದೇ ಸಂದೇಶದಲ್ಲಿರುವ ಸಾಲು ಆಧಾರರಹಿತವಾದುದು, ಮನನೋಯಿಸುವಂಥದ್ದೂ ಹೌದು. ಮದ್ಯದ ಅವಲಂಬನೆ ಯಾವ ಸಮುದಾಯದವರಿಗಾದರೂ ಬರಬಹುದಾದ, ಚಿಕಿತ್ಸೆಯಿರುವ ಕಾಯಿಲೆ.

ಆಸ್ಪತ್ರೆ ದೂರವಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಎರಡೂ ಉಚಿತ; ಸೆಳವು ಬಂದರೆ ತಡಮಾಡದೆ 108ಕ್ಕೆ ಕರೆಮಾಡಿ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ, ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.