ಒಣ ಕೆಮ್ಮಿಗೆ ಮಾತ್ರ

ಚೀನೀ ಔಷಧಿ ಗಿಡವಾದ ಮೈಮೆನ್‌ಡೋಂಗ್‌ನ ಬೇರು ಎಲ್ಲ ಕೆಮ್ಮಿಗೂ ಆಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹಾಗಲ್ಲ. ಚೀನೀ ವೈದ್ಯರು ಇದನ್ನು ಕೊಡುವುದು ಒಣಗಿದ ಗಂಟಲಿಗೆ, ಕಫವಿಲ್ಲದ ಕೆಮ್ಮಿಗೆ. ಕಫ ಜಾಸ್ತಿ ಇದ್ದರೆ, ಹೊಟ್ಟೆ ಸಡಿಲವಿದ್ದರೆ ಬೇಡ ಎನ್ನುತ್ತಾರೆ.

ಬೇರಿನಲ್ಲಿ ಉಬ್ಬಿದ ಪುಟ್ಟ ಗೆಡ್ಡೆಯಷ್ಟೇ ಔಷಧಿ. ಒಣಗಿದ್ದನ್ನು ಅಗಿದು ನೋಡಿ: ಮೊದಲು ಸಿಹಿ, ಆಮೇಲೆ ಸ್ವಲ್ಪ ಕಹಿ, ಹಲ್ಲಿಗೆ ಅಂಟಿಕೊಳ್ಳುತ್ತದೆ. ನಡುವೆ ಗಟ್ಟಿ ನಾರು. ಹಿಂದೆ ಅದನ್ನು ಎಳೆದು ತೆಗೆದೇ ಕುದಿಸುತ್ತಿದ್ದರು. ಸುಮಾರು 1800 ವರ್ಷದ ಹಿಂದೆ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಹೇಳಿದ ಕಷಾಯದಲ್ಲಿ ಇದರ ಜೊತೆ ಅಕ್ಕಿಯೂ ಇದೆ, ಎಷ್ಟು ಚೆಂದ ಅಲ್ವಾ!

ಇನ್ನೊಂದು ಮಾತು. ಲೇಖನದ ಫೋಟೋದಲ್ಲಿರುವುದು ತಿಯೆನ್‌ಮೆನ್‌ಡೋಂಗ್, ನಮ್ಮ ಹಲವು ಮಕ್ಕಳ ತಾಯಿ ಬೇರಿನ ಹತ್ತಿರದ ನೆಂಟ. ಹೆಸರು ಒಂದೇ ಥರ, ಗಿಡ ಬೇರೆ. ದಯವಿಟ್ಟು ಫೋಟೋ ಬದಲಿಸಿ.