ಕೈಕೆಲಸ ಬಲ್ಲವರಿಗೆ ಲೆಕ್ಕ, ಕಾನೂನು ಕಲಿಸಿ

ಜರ್ಮನಿಗೆ ಬಂದ ಮೇಲೆ ನನಗೆ ತುಂಬಾ ಹಿಡಿಸಿದ್ದು ಇಲ್ಲಿನ ಕೈಕೆಲಸದವರು ಬದುಕುವ ರೀತಿ. ಬೆಳಿಗ್ಗೆ ಹೀಟಿಂಗ್ ಪೈಪು ಜೋಡಿಸಿದವರೇ ಮಧ್ಯಾಹ್ನ ಆಫೀಸಿನಲ್ಲಿ ಕೂತು ಮುಂದಿನ ಮನೆಯ ಕೊಟೇಶನ್ ಹಾಕುತ್ತಾರೆ, ಸಾಮಾನು ಆರ್ಡರ್ ಮಾಡುತ್ತಾರೆ, ಇಷ್ಟು ಖರ್ಚು ಯಾಕೆ ಅಂತ ಗಿರಾಕಿಗೆ ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಇದು ಅಪರೂಪ. ಆಫೀಸಿಗೆ ಬಡ್ತಿ ಸಿಕ್ಕಿದವರು ಸ್ಪ್ಯಾನರ್ ಮುಟ್ಟಬಾರದು, ಸ್ಪ್ಯಾನರ್ ಹಿಡಿದವರಿಗೆ ಆಫೀಸಿನ ಕುರ್ಚಿ ಸಿಗುವುದಿಲ್ಲ.

ಇಲ್ಲಿ ತರಬೇತಿಯೇ ಹಾಗಿದೆ. ಶಾಲೆ ಮುಗಿಸಿದ ಹುಡುಗ ಹುಡುಗಿಯರು ಎರಡರಿಂದ ಮೂರೂವರೆ ವರ್ಷ ಯಾವುದಾದರೂ ಕಂಪನಿಯಲ್ಲಿ ಸಂಬಳ ಪಡೆಯುತ್ತಲೇ ಕೆಲಸ ಕಲಿಯುತ್ತಾರೆ, ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ ಹೋಗುತ್ತಾರೆ. ಮುಂದೆ ಬೇಕಾದರೆ 'ಮೈಸ್ಟರ್', ಅಂದರೆ ಕಸುಬಿನಲ್ಲಿ ಪಳಗಿದ ಗುರು ಅನ್ನಿಸಿಕೊಳ್ಳುವ ಪರೀಕ್ಷೆ. ಅದರಲ್ಲಿ ನಾಲ್ಕು ಭಾಗ: ಕೈಯಾರೆ ಮಾಡಿ ತೋರಿಸುವುದು, ಕಸುಬಿನ ಥಿಯರಿ, ವ್ಯವಹಾರದ ಲೆಕ್ಕ ಮತ್ತು ಕಾನೂನು, ಕೊನೆಗೆ ಹೊಸಬರಿಗೆ ಕಲಿಸುವ ವಿಧಾನ. ಪಾಸಾದವರ ಅರ್ಹತೆಯನ್ನು ಸರ್ಕಾರ ಪದವಿಯ ಮಟ್ಟದಲ್ಲೇ ಇಟ್ಟಿದೆ. 2020ರಿಂದ ಅವರು 'ಬ್ಯಾಚುಲರ್ ಪ್ರೊಫೆಷನಲ್' ಅಂತಲೂ ಹಾಕಿಕೊಳ್ಳಬಹುದು.

ಕೆಲಸ ಮಾಡಿದವರು ಎಸ್ಟಿಮೇಟ್ ಹಾಕಿದರೆ ಏನಾಗುತ್ತದೆ ನೋಡಿ. ಡ್ರಾಯಿಂಗ್‌ನಲ್ಲಿ ಪೈಪು ನೇರ ಹೋಗುತ್ತದೆ, ಗೋಡೆಯಲ್ಲಿ ಬೀಮ್ ಅಡ್ಡ ಬರುತ್ತದೆ. ಹಳೇ ಕಟ್ಟಡದಲ್ಲಿ ಗೋಡೆ ಕೊರೆಯಲು ಎಷ್ಟು ಹೊತ್ತು ಬೇಕು, ಏಣಿ ಎಲ್ಲಿ ನಿಲ್ಲಿಸಬೇಕು, ಒಬ್ಬರಿಂದ ಆಗುತ್ತದಾ ಇಬ್ಬರು ಬೇಕಾ, ಇದೆಲ್ಲ ಮೈಬಗ್ಗಿಸಿ ಮಾಡಿದವರಿಗೆ ಮೊದಲೇ ಹೊಳೆಯುತ್ತದೆ, ಬರೀ ಕಂಪ್ಯೂಟರ್ ಮುಂದೆ ಕೂತವರಿಗೆ ಸೈಟಿನಲ್ಲಿ ಜಗಳ ಶುರುವಾದ ಮೇಲೆ ಗೊತ್ತಾಗುತ್ತದೆ. ಆಗ ತಪ್ಪು ಯಾರ ತಲೆಗೆ? ಕೆಲಸಗಾರನ ತಲೆಗೇ ಅಲ್ವಾ.

ಇಲ್ಲಿನದೆಲ್ಲ ಚೆಂದ ಅಂತ ಹೇಳುತ್ತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ಅದು ನಮಗೆ ಖಂಡಿತ ಬೇಡ.

ನಮ್ಮಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದಲೇ ಇದೆ. ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಮೂರು ವರ್ಷ ಕಲಿತು ಒಂದು ವರ್ಷ ಕಾರ್ಖಾನೆಯಲ್ಲಿ ಪಳಗುತ್ತಾರೆ. ಡಿಪ್ಲೊಮಾ ಮಾಡಿದವರು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆದರೆ ಬಿಇ ಮುಗಿಸಿದವರು ಮತ್ತೆ ಮಷೀನ್ ಹತ್ತಿರ ನಿಂತರೆ ಮನೆಯವರೇ ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನೊಂದು ಕಡೆ, ಹತ್ತಾರು ವರ್ಷ ವೈರಿಂಗ್ ಮಾಡಿದ ಐಟಿಐ ಎಲೆಕ್ಟ್ರಿಷಿಯನ್‌ಗೆ ಟೆಂಡರ್ ಓದಲು, ಜಿಎಸ್‌ಟಿ ಬಿಲ್ ಮಾಡಲು, ಕರಾರಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ ಅಂತ ತಿಳಿಯಲು ಯಾರೂ ಕಲಿಸಿಲ್ಲ. ಹಾಗಾಗಿ ಕಂತ್ರಾಟು ಬೇರೆಯವರಿಗೆ, ದಿನಗೂಲಿ ಅವನಿಗೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಐಟಿಐಗಳಲ್ಲೇ ಸಂಜೆ ಹೊತ್ತು ಇಂಥವರಿಗೆ ಕ್ಲಾಸ್ ಶುರು ಮಾಡಲಿ. ಎಸ್ಟಿಮೇಟ್, ಲೆಕ್ಕ, ಕರಾರು, ಜೊತೆಗೆ ಹೊಸಬರಿಗೆ ಕಲಿಸುವುದು ಹೇಗೆ ಅನ್ನುವುದು. ಪಾಠವೂ ಪರೀಕ್ಷೆಯೂ ಕನ್ನಡದಲ್ಲೇ ಇರಲಿ, ಮತ್ತು ಸಣ್ಣಪುಟ್ಟ ಸರ್ಕಾರಿ ಕೆಲಸಗಳ ಟೆಂಡರ್‌ಗೆ ಆ ಸರ್ಟಿಫಿಕೇಟ್ ನಡೆಯಬೇಕು.